ಜಗಳೂರು ಕಡೆಯ ಒಂದು ಪಿಎಚ್‌ಸಿ: ಡಾಕ್ಟರಮ್ಮನಿಗೆ ಐದಕ್ಕೆ ಐದು, ಕಟ್ಟಡಕ್ಕೆ ಎರಡು

ನಮ್ಮ ಅಕ್ಕನ ಮಗಳಿಗೆ 9 ವರ್ಷ. ಎರಡು ತಿಂಗಳಿಂದ ಸಂಜೆಯಾದರೆ ಸಾಕು, ಹೊಟ್ಟೆನೋವು. ದಾವಣಗೆರೆಯ ಒಂದು ಖಾಸಗಿ ಕ್ಲಿನಿಕ್ಕಿಗೆ ಮೂರು ಸಲ ಕರೆದುಕೊಂಡು ಹೋದೆವು. ಮೊದಲು ಜಂತುಹುಳದ ಮಾತ್ರೆ, ಆಮೇಲೆ ಗ್ಯಾಸ್ ಸಿರಪ್, ಆಮೇಲೆ ಸ್ಕ್ಯಾನಿಂಗ್. ರಿಪೋರ್ಟ್ ನಾರ್ಮಲ್. ಸಂಜೆಯೇ ಯಾಕೆ ನೋಯುತ್ತೆ ಅಂತ ಅಲ್ಲಿ ಯಾರೂ ಮಗುವನ್ನು ಕೇಳಲಿಲ್ಲ. ನಾವೂ ಕೇಳಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ಕೊನೆಗೆ ನಮ್ಮೂರ ಪಕ್ಕದ ಪಿಎಚ್‌ಸಿಗೇ, ಅಂದರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋದೆವು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡುವಾಗ ಲಂಗ ಸ್ವಲ್ಪ ಸರಿಯಿತು. ತೊಡೆಯ ಮೇಲೆ ಉದ್ದುದ್ದ ಬಾಸುಂಡೆ, ಒಂದರ ಪಕ್ಕ ಒಂದು. "ಇದೇನು ಪುಟ್ಟಿ?" ಅಂದರು. ಮಗು ನನ್ನ ಮುಖ ನೋಡಿತು, ಬಾಗಿಲ ಕಡೆ ನೋಡಿತು. ಅಲ್ಲಿ ಬಿಪಿ ಮಾತ್ರೆಗೆ ಬಂದ ಏಳೆಂಟು ಜನ ಇಣುಕುತ್ತಾ ನಿಂತಿದ್ದರು. "ಬಿದ್ದೆ" ಅಂತು.

ಡಾಕ್ಟರಮ್ಮ ಒತ್ತಾಯ ಮಾಡಲಿಲ್ಲ. ನನ್ನನ್ನು ಹೊರಗೆ ಕೂರಿಸಿ, ಮಗುವನ್ನು ಲಸಿಕೆ ಹಾಕುವ ಕೋಣೆಗೆ ಕರೆದುಕೊಂಡು ಹೋಗಿ, ಸಿಸ್ಟರ್ ಜೊತೆ ಕೂತು ಮಾತಾಡಿಸಿದರು. ನಮ್ಮ ಮೇಲೇ ಅನುಮಾನವಾ ಅಂತ ನನಗೆ ಸಿಟ್ಟು ಬಂದಿದ್ದು ನಿಜ. ಅರ್ಧ ಗಂಟೆ ಬಿಟ್ಟು ಗೊತ್ತಾಯಿತು. ಟ್ಯೂಷನ್ ಹೇಳುವವನು ಲೆಕ್ಕ ತಪ್ಪಿದರೆ ಸ್ಕೇಲಿನಿಂದ, ಬಟ್ಟೆ ಮುಚ್ಚುವ ಜಾಗ ನೋಡಿ ಹೊಡೆಯುತ್ತಿದ್ದ. ಮನೆಯಲ್ಲಿ ಹೇಳಿದರೆ ಇನ್ನೂ ಜಾಸ್ತಿ ಅಂತ ಹೆದರಿಸಿದ್ದ.

ಗಾಯ ಎಲ್ಲಿದೆ, ಎಷ್ಟುದ್ದ ಇದೆ, ಮಗು ಏನು ಹೇಳಿತು, ಎಲ್ಲವನ್ನೂ ಇದ್ದ ಹಾಗೇ ಬರೆದುಕೊಂಡು ನಮ್ಮೆದುರೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಎರಡು ದಿನ ಬಿಟ್ಟು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದರು. ಸುಮ್ನೆ ಮಾತಾಡಿ ಮುಗಿಸೋಣ ಅಂದ ನಮ್ಮ ಭಾವನಿಗೆ ಡಾಕ್ಟರಮ್ಮ ಕೂರಿಸಿ ತಿಳಿಸಿ ಹೇಳಿದರು. ಇದು ಹೊಡೆತದ ವಿಷಯ, ಲೈಂಗಿಕ ದೌರ್ಜನ್ಯದ್ದಾಗಿದ್ದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದವರಿಗೇ 6 ತಿಂಗಳವರೆಗೆ ಜೈಲು ಇದೆ ಅಂದರು.

ಬಂದ ಮಕ್ಕಳಿಗೆಲ್ಲ ಹೀಗೆ ಕೇಳುತ್ತೀರಾ ಮೇಡಂ ಅಂದೆ. ಇಲ್ಲವಂತೆ. ಎಲ್ಲರಿಗೂ ಪ್ರಶ್ನೆಪಟ್ಟಿ ಹಿಡಿಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದಿಲ್ಲ, ಗುರುತು ಕಂಡಾಗ ಮಾತ್ರ ಬಿಡದೆ ಕೇಳಬೇಕು. ಓಡಾಡುವ ಮಗುವಿಗೆ ಮೊಣಕಾಲು, ಹಣೆ ಕಂದುವುದು ಸಹಜ. ಆದರೆ 4 ವರ್ಷದೊಳಗಿನವರಿಗೆ ಕಿವಿ, ಕುತ್ತಿಗೆ, ಎದೆ, ಬೆನ್ನು ಕಂದಿದ್ದರೆ, ಇನ್ನೂ ಮಗುಚದ ಕೂಸಿಗೆ ಎಲ್ಲೇ ಕಂದಿದ್ದರೂ, ಬೇರೆ ಕೆಲಸ ಬಿಟ್ಟು ನೋಡಬೇಕು ಅಂದರು. ಶಾಲೆಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡ ಹಲ್ಲು, ಕಣ್ಣು, ರಕ್ತಹೀನತೆ ಎಲ್ಲ ನೋಡುತ್ತದೆ, ಒಳ್ಳೆಯದೇ, ಆದರೆ ಬಾಸುಂಡೆ ಆ ಪಟ್ಟಿಯಲ್ಲಿ ಇಲ್ಲ ಅಲ್ವಾ.

ಕಟ್ಟಡಕ್ಕೆ ಎರಡೇ ಕೊಟ್ಟಿದ್ದು ಯಾಕೆ ಅಂದರೆ, ನೋಡುವ ಕೋಣೆಯ ಬಾಗಿಲಿಗೆ ಒಂದು ಪರದೆಯೂ ಇಲ್ಲ. ಅವತ್ತು ಲಸಿಕೆ ದಿನವಾಗಿದ್ದರೆ ಆ ಒಳಕೋಣೆಯೂ ಸಿಗುತ್ತಿರಲಿಲ್ಲ. ನಮ್ಮ ಮಗು "ಬಿದ್ದೆ" ಅಂತಲೇ ಮನೆಗೆ ವಾಪಸ್ ಬಂದು, ಸಂಜೆ ಮತ್ತೆ ಟ್ಯೂಷನ್ನಿಗೆ ಹೋಗುತ್ತಿತ್ತು. ಪರದೆ ಹಾಕಿಸಿ, ಬೆಂಚು ದೂರ ಇಡಿಸಿ ಅಂತ ಪಿಎಚ್‌ಸಿಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಗೆ ಬರೆದು ಕೊಟ್ಟಿದ್ದೇನೆ. ಅಲ್ಲಿಯವರೆಗೆ ಮಕ್ಕಳನ್ನು ತೋರಿಸುವವರು ಹನ್ನೊಂದೂವರೆ ಮೇಲೆ ಹೋಗಿ, ಅಷ್ಟೊತ್ತಿಗೆ ಬಿಪಿ, ಶುಗರ್‌ನವರ ಸಾಲು ಕರಗಿರುತ್ತದೆ.