ಮೂಲೆಯಲ್ಲೊಂದು ಖರ್ಚಿನ ಮೀಟರ್: ಯುದ್ಧನೌಕೆ ಗೇಮ್ ಆಡಿದ ಮೇಲೆ

ಒಂದು ತಿಂಗಳಿಂದ ರಾತ್ರಿ ಊಟ ಆದಮೇಲೆ ಇದೇ ಕೆಲಸ. ಕಂಪ್ಯೂಟರ್ ಮುಂದೆ ಕೂತು ಕೆಂಪು ಸಮುದ್ರದಲ್ಲಿ ಯುದ್ಧನೌಕೆ ಓಡಿಸುವುದು. ಗ್ರಾಫಿಕ್ಸ್ ಸಾಧಾರಣ, ನೀರು ಪ್ಲಾಸ್ಟಿಕ್ ಹಾಳೆ ತರ ಕಾಣುತ್ತದೆ. ಆದರೆ ಮೂಲೆಯಲ್ಲಿ ಒಂದು ಖರ್ಚಿನ ಮೀಟರ್ ಇಟ್ಟಿದ್ದಾರೆ ನೋಡಿ, ಈ ಗೇಮಿನ ಜೀವವೇ ಅದು.

ಮೊದಲ ಸಲ ರೇಡಾರಿನಲ್ಲಿ ಚುಕ್ಕೆ ಕಂಡ ಕೂಡಲೇ ಗಾಬರಿಯಾಗಿ ಎಸ್‌ಎಂ-2 ಕ್ಷಿಪಣಿ ಹಾರಿಸಿಬಿಟ್ಟೆ. ಮೀಟರ್ ಒಂದೇ ಏಟಿಗೆ 20 ಲಕ್ಷ ಡಾಲರ್ ಏರಿತು. ಬಿದ್ದಿದ್ದೇನು? ಮೊಪೆಡ್ ತರ ಗುರುಗುಟ್ಟುವ ಡ್ರೋನ್, ಕೆಲವು ಸಾವಿರ ಡಾಲರಿನದು. ಇದು ಸುಮ್ನೆ ಕಲ್ಪನೆಯಲ್ಲ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಕಾರ್ನಿ ಯೆಮನ್‌ನ ಹೂತಿ ಬಂಡುಕೋರರ ಡ್ರೋನ್, ಕ್ಷಿಪಣಿಗಳನ್ನು ಹೊಡೆದುರುಳಿಸಿದಾಗಿನಿಂದ ಆ ನೌಕಾಪಡೆಯ ತಲೆನೋವೂ ಇದೇ ಲೆಕ್ಕ.

ದುಡ್ಡಿಗಿಂತ ಜಾಸ್ತಿ ಕಾಡುವುದು ಖಾಲಿಯಾಗುವ ಗೂಡುಗಳು. ನನ್ನ ಡಿಸ್ಟ್ರಾಯರಿನಲ್ಲಿ ಕ್ಷಿಪಣಿಗೆ 96 ಗೂಡು. ಮುಗಿದರೆ ನಡುನೀರಲ್ಲಿ ತುಂಬಿಸಲು ಆಗುವುದಿಲ್ಲ, ಬಂದರಿಗೇ ಹೋಗಬೇಕು. ಹತ್ತಿರ ಬಂದದ್ದನ್ನಷ್ಟೇ ಹೊಡೆಯುವ ಫ್ಯಾಲಾಂಕ್ಸ್ ಬಂದೂಕು ಬಳಸಬಹುದಲ್ವಾ ಅಂತೀರಾ? ಗುಂಡು ಅಗ್ಗ ನಿಜ, ಆದರೆ ಅದರ ಸರದಿ ಬರುವ ಹೊತ್ತಿಗೆ ಡ್ರೋನ್ ಮೈಮೇಲೇ ಬಂದಿರುತ್ತದೆ. ಒಮ್ಮೆ ಹೀಗೇ ಕಂಜೂಸ್‌ತನ ಮಾಡಿ ಹಡಗನ್ನೇ ಕಳೆದುಕೊಂಡೆ. ಮೀಟರ್ 200 ಕೋಟಿ ಡಾಲರ್ ತೋರಿಸಿತು! ಅವತ್ತಿನಿಂದ ಕ್ಷಿಪಣಿ ದುಬಾರಿ ಅಂತ ಗೊಣಗುವುದು ಬಿಟ್ಟಿದ್ದೇನೆ.

ಗೇಮಿನಲ್ಲಿ ಡ್ರೋನ್ ಸುಡಲು ಕೊಟ್ಟಿರುವ ಲೇಸರ್ ಮಾತ್ರ ಮೋಸ. ದೂಳಿದ್ದರೂ ಮಂಜಿದ್ದರೂ ಒಂದೇ ಸಮ ಸುಡುತ್ತದೆ, ನಿಜದಲ್ಲಿ ಹಾಗಾಗುವುದಿಲ್ಲ. ಆಟ ಸೇವ್ ಮಾಡಿದ್ದು ಎರಡು ಸಲ ಹಾಳಾಯಿತು. ಐದಕ್ಕೆ ಮೂರೂವರೆ ಸ್ಟಾರ್, ಅದರಲ್ಲಿ ಎರಡು ಆ ಮೀಟರಿಗೇ.