ಹಿನ್ನೀರಿನ ದಡದಲ್ಲಿ ಮದುವೆ ಫೋಟೋ ತೆಗೆಯೋರು ಒಮ್ಮೆ ಓದಿ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದಿಂದ ಶಿವಮೊಗ್ಗದಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಆದರೂ ಒಂದು ರೀಲ್ ನಂಬಿಕೊಂಡು, ನೋಡದ ಜಾಗಕ್ಕೆ ಮದುಮಕ್ಕಳನ್ನು ಕರೆದುಕೊಂಡು ಹೋದೆ.

ಸಾಗರದ ಆಚೆ, ಶರಾವತಿ ಹಿನ್ನೀರು. ರೀಲಿನಲ್ಲಿ ಹಸಿರು ಹುಲ್ಲು, ನೀರಲ್ಲಿ ನಿಂತ ಒಣ ಮರದ ಬೊಡ್ಡೆ, ಹಿಂದೆ ಗುಡ್ಡ. ಹುಡುಗಿಗೆ ಅದೇ ಬೇಕು. ಲೊಕೇಶನ್ ಸಿಕ್ಕಿತು, ಹೊರಟೆವು. ಆಗ ಡಿಸೆಂಬರ್ ಮೊದಲ ವಾರ. ರೀಲ್ ಯಾವ ತಿಂಗಳದ್ದು ಅಂತ ಕೇಳಲೇ ಇಲ್ಲ.

ಎಡವಿದ್ದು ಅಲ್ಲೇ. ಇದು ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು. ಮಳೆಗಾಲದಲ್ಲಿ ಏರುತ್ತದೆ, ಪೂರ್ತಿ ತುಂಬಿದರೆ ಸಮುದ್ರಮಟ್ಟದಿಂದ 1819 ಅಡಿ. ಆಮೇಲೆ ಕರೆಂಟಿಗೆ ನೀರು ಬಿಟ್ಟ ಹಾಗೆಲ್ಲ ಇಳಿಯುತ್ತದೆ. ದಡ ಚಪ್ಪಟೆ ಇರುವಲ್ಲಿ ಒಂದೆರಡು ಅಡಿ ಇಳಿದರೂ ದೊಡ್ಡ ಬಯಲೇ ಏಳುತ್ತದೆ. ಬೇಸಿಗೆ ಹೊತ್ತಿಗೆ ಅದು ಗಟ್ಟಿಯಾಗಿ, ಹುಲ್ಲು ಬಂದಿರುತ್ತದೆ. ಡಿಸೆಂಬರಿನಲ್ಲಿ ಮೇಲೆ ಒಣಗಿದ ಚಕ್ಕೆ, ಕೆಳಗೆ ಗಂಜಿಯಂಥ ಹೂಳು. ಹಾಲಿನ ಕೆನೆ ಇದ್ದ ಹಾಗೆ.

"ಸ್ವಲ್ಪ ಹಿಂದೆ ಹೋಗಿ, ಇನ್ನೂ ಸ್ವಲ್ಪ." ನಾವು ದಿನಕ್ಕೆ ನೂರು ಸಲ ಹೇಳುವ ಮಾತು. ಹುಡುಗಿ ಹಿಂದೆ ಹೋದಳು, ಮೊಣಕಾಲವರೆಗೆ ಇಳಿದಳು. ನಕ್ಕಳು ಕೂಡ. ಎಳೆಯಲು ಹೋದ ಹುಡುಗನೂ ಇಳಿದ. ಲೆಹೆಂಗಾ ನೀರು ಹೀರಿ ಕಲ್ಲಿನ ಹಾಗೆ ಭಾರ. ನನ್ನ ಅಸಿಸ್ಟೆಂಟ್ ಓಡಿದ, ನಾನೂ ಓಡಿದೆ. ಕೈ ಹಿಡಿದು ಎಳೆದಷ್ಟೂ ಕೆಸರು ಕಾಲನ್ನು ಕಚ್ಚಿ ಹಿಡಿಯುತ್ತಿತ್ತು. ಈಗ ಯಾರೂ ನಗುತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಐದೂಕಾಲಿಗೇ ಸೂರ್ಯ ಗುಡ್ಡದ ಹಿಂದೆ ಹೋದ. ಸಂಜೆ ಬೆಳಕು ಆರರವರೆಗೆ ಸಿಗುತ್ತದೆ ಅಂತ ಲೆಕ್ಕ ಹಾಕಿದ್ದ ನನಗೆ ಅದೂ ಗೊತ್ತಿರಲಿಲ್ಲ.

ದನ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬರು ನಮ್ಮ ಕೂಗು ಕೇಳಿ ಬಂದರು. "ಎಳೀಬೇಡಿ ಮಾರಾಯ್ರೆ, ಕಾಲು ಕಿತ್ತು ಬರ್ತದೆ ಅಷ್ಟೆ" ಅಂದು ವಾಪಸ್ ಹೋದರು. ಬರುವಾಗ ಹೆಗಲ ಮೇಲೆ ಅಡಿಕೆ ಮರ ಸೀಳಿದ ನಾಲ್ಕು ದಬ್ಬೆ. ಅವನ್ನು ಕೆಸರಿನ ಮೇಲೆ ಹಾಸಿ, ಹುಡುಗಿಗೆ ಅದರ ಮೇಲೆ ಒರಗಿಕೊಳ್ಳಲು ಹೇಳಿದರು. ಕಾಲನ್ನು ಮೇಲಕ್ಕೆ ಕೀಳದೆ, ಸುಮ್ನೆ ಅತ್ತಿತ್ತ ಅಲ್ಲಾಡಿಸಬೇಕಂತೆ. ಸಂದಿಯಲ್ಲಿ ನೀರು ಇಳಿದರೆ ಹಿಡಿತ ಸಡಿಲ ಆಗುತ್ತದೆ. ಹಾಗೇ ಆಯಿತು, ಆದರೆ ಅರ್ಧ ಗಂಟೆ ಹಿಡಿಯಿತು. ಅವರು ಬೈದದ್ದನ್ನು ಇಲ್ಲಿ ಬರೆಯಲ್ಲ. ಬೈಸಿಕೊಳ್ಳಬೇಕಾದದ್ದೇ.

ಈಗ ನಾನು ಶೂಟಿನ ಹಿಂದಿನ ದಿನವೇ, ಅದೇ ಹೊತ್ತಿಗೆ, ಒಬ್ಬನೇ ಹೋಗಿ ಬರುತ್ತೇನೆ. ಪೆಟ್ರೋಲ್ ಖರ್ಚನ್ನು ಪ್ಯಾಕೇಜಿಗೇ ಸೇರಿಸಿದ್ದೇನೆ, ಬೇಡ ಅಂದವರ ಕೆಲಸ ಹಿಡಿಯಲ್ಲ. ಕೈಯಲ್ಲಿ ಒಂದು ಕೋಲು. ಮದುಮಕ್ಕಳು ನಿಲ್ಲುವ ಜಾಗ ಮಾತ್ರ ಅಲ್ಲ, ಅವರ ಹಿಂದೆ ಹತ್ತು ಹೆಜ್ಜೆಯವರೆಗೆ ಚುಚ್ಚಿ ನೋಡುತ್ತೇನೆ. ದನದ ಹೆಜ್ಜೆ ಇಲ್ಲದ ಬಯಲಿಗೆ ಕಾಲೇ ಇಡಲ್ಲ. ಹತ್ತಿರದ ಮನೆಯಲ್ಲಿ ಕೇಳುತ್ತೇನೆ. ಮಲೆನಾಡಲ್ಲಿ ದಾರಿ ಕೇಳಿದರೆ ಕಾಫಿಯೂ ಸಿಗುತ್ತದೆ, ಅಲ್ವಾ.

ಬಾಕಿ ದುಡ್ಡು ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ. ಕೆಸರಿಗೆ ಬಿದ್ದ 85 ಎಂಎಂ ಲೆನ್ಸ್ ಎರಡು ಸಲ ರಿಪೇರಿಗೆ ಹೋಗಿ ಬಂತು. ಫೋಕಸ್ ರಿಂಗ್ ತಿರುಗಿಸಿದರೆ ಈಗಲೂ ಕರಕರ ಅನ್ನುತ್ತದೆ.