ಅಡಕೆ ತೋಟದಲ್ಲಿ ಜೀವವಿಕಾಸದ ಪಾಠ: ಸಾಗರ ತಾಲ್ಲೂಕಿನ ಒಂದು ಹೋಂಸ್ಟೇ ನಡಿಗೆಯ ವಿಮರ್ಶೆ

ಸಾಗರದಿಂದ ಜೋಗಕ್ಕೆ ಹೋಗುವ ದಾರಿಯ ಆಸುಪಾಸಿನಲ್ಲಿ ಅಡಕೆ ಬೆಳೆಗಾರರ ಕುಟುಂಬವೊಂದು ನಡೆಸುವ ಹೋಂಸ್ಟೇಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಜೀವಲೋಕದ ನಡಿಗೆ ಇರುತ್ತದೆ. ರಾತ್ರಿ ತೋಟ ಮತ್ತು ಹಳ್ಳದ ಅಂಚಿನಲ್ಲಿ ಒಂದು ಸುತ್ತು, ಬೆಳಿಗ್ಗೆ ತೋಟದಲ್ಲಿ ಮತ್ತೊಂದು ಸುತ್ತು, ಬಳಿಕ ಜೀಪಿನಲ್ಲಿ ಕತ್ತಲೆಕಾನು ಎಂಬ ಜೌಗು ಕಾಡಿನ ಕಡೆಗೆ ಪ್ರಯಾಣ. ಊಟ, ವಸತಿ ಸೇರಿ ಒಬ್ಬರಿಗೆ 2500 ರೂಪಾಯಿ. ಮಲೆನಾಡಿನಲ್ಲಿ ಇಂಥ ನಡಿಗೆಗಳು ಈಗ ಬೇಕಾದಷ್ಟಿವೆ, ಆದರೆ ಹೆಚ್ಚಿನ ಕಡೆ ಪ್ರಾಣಿಯ ಹೆಸರು ಹೇಳಿ, ಫೋಟೊಗೆ ಅವಕಾಶ ಕೊಟ್ಟು ಮುಂದೆ ಸಾಗಿಸುತ್ತಾರೆ. ಇಲ್ಲಿಯ ಮಾರ್ಗದರ್ಶಕರು ಪ್ರತಿ ಜೀವಿಯ ಮುಂದೆಯೂ ನಿಂತು, ಅದರ ದೇಹ ಹೀಗೇಕಿದೆ, ಈ ಅಂಗ ಮೊದಲು ಏನಾಗಿತ್ತು ಎಂದು ಕೇಳುತ್ತಾರೆ. ಕೊಟ್ಟ ಹಣ ಸಾರ್ಥಕವೆನಿಸುವುದು ಮುಖ್ಯವಾಗಿ ಈ ಪ್ರಶ್ನೆಯಿಂದಲೇ.

ರಾತ್ರಿ ಮೊದಲು ಕಂಡದ್ದು ಮಲಬಾರ್ ಹಾರುವ ಕಪ್ಪೆ. ತೋಟದ ನೀರಿನ ಹೊಂಡದ ಮೇಲೆ ಬಾಗಿದ ಕೊಂಬೆಯಲ್ಲಿ ಎಲೆಗಳ ನಡುವೆ ನೊರೆಯ ಗೂಡು ಇತ್ತು. ಕಾಲಿನಿಂದ ಕಡೆದೆಬ್ಬಿಸಿದ ಆ ನೊರೆಯೊಳಗೆ ಮೊಟ್ಟೆಗಳಿರುತ್ತವೆ, ಮರಿಗಳು ಹೊರಬಂದಾಗ ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಪಕ್ಕದ ಎಲೆಯ ಮೇಲೆ ಕುಳಿತಿದ್ದ ಹಸಿರು ಕಪ್ಪೆ ಕಾಲು ಚಾಚಿದಾಗ ಬೆರಳುಗಳ ನಡುವಿನ ಕೆಂಪು ಛಾಯೆಯ ಪೊರೆ ಟಾರ್ಚಿನ ಬೆಳಕಿನಲ್ಲಿ ಪೂರ್ತಿ ಹರಡಿಕೊಂಡಿತು. ಬೇರೆ ಎಷ್ಟೋ ಕಪ್ಪೆಗಳು ಈಜಲು ಬಳಸುವ ಪೊರೆಯೇ ಇದು; ಮರದ ಮೇಲೆ ಬದುಕುವ ಈ ಕಪ್ಪೆಯಲ್ಲಿ ಅದು ಅಗಲವಾಗಿ, ಎತ್ತರದಿಂದ ತೇಲಿಕೊಂಡು ಇಳಿಯುವ ಸಾಧನವಾಗಿದೆ. ಬೆಳಿಗ್ಗೆ ಮೋಡ ಸರಿದು ಬಿಸಿಲು ಬಿದ್ದ ಸ್ವಲ್ಪ ಹೊತ್ತಿನಲ್ಲಿ ಅಡಕೆ ಮರದ ಕಾಂಡದ ಮೇಲೆ ಹಾರುವ ಓತಿ ಸಿಕ್ಕಿತು. ಗಂಡು ಓತಿ ಗಂಟಲಿನ ಹಳದಿ ಪಟ್ಟಿಯನ್ನು ಬಿಚ್ಚಿ ಮಡಚುತ್ತಿತ್ತು. ಇರುವೆಗಳನ್ನು ಹೆಕ್ಕುತ್ತಾ ಮೇಲೇರಿ, ಅಲ್ಲಿಂದ ಮುಂದಿನ ಮರಕ್ಕೆ ತೇಲಿಹೋಯಿತು. ಅದರ ರೆಕ್ಕೆಗೆ ಆಧಾರ ಬೆರಳುಗಳಲ್ಲ, ಉದ್ದವಾಗಿ ಹೊರಚಾಚಿದ ಪಕ್ಕೆಲುಬುಗಳು. ಹಾರುಬೆಕ್ಕು, ಅಂದರೆ ಹಾರುವ ಅಳಿಲು, ನಮಗೆ ಕಾಣಲಿಲ್ಲ, ಆದರೂ ಮಾರ್ಗದರ್ಶಕರು ಅದನ್ನು ಮರೆಯಲಿಲ್ಲ: ಅದು ತೇಲುವುದು ಮುಂಗಾಲಿನಿಂದ ಹಿಂಗಾಲಿನವರೆಗೆ ಹಬ್ಬಿದ ಚರ್ಮದಿಂದ. ಒಂದೇ ಕಾಡಿನಲ್ಲಿ, ಒಂದೇ ಅಗತ್ಯಕ್ಕೆ, ಮೂರು ವಂಶಗಳು ತಮ್ಮಲ್ಲಿ ಮೊದಲೇ ಇದ್ದ ಬೇರೆ ಬೇರೆ ಭಾಗಗಳಿಂದ ಪ್ರತ್ಯೇಕವಾಗಿ ಈ ಸಾಮರ್ಥ್ಯ ಪಡೆದವು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ನಡಿಗೆಯನ್ನು ನಾನು ಬೇರೆಡೆ ಕಂಡಿಲ್ಲ.

ಮಾವಿನ ಮರದ ಚಗಳಿ ಗೂಡಿನ ಬಳಿ ಎಲ್ಲರ ಕೈಗೂ ಭೂತಗನ್ನಡಿ ಕೊಟ್ಟರು. ಸಾಲಿನಲ್ಲಿ ಓಡಾಡುತ್ತಿದ್ದ ಕೆಂಪು ಚಗಳಿ ಇರುವೆಗಳಿಂದ ಸ್ವಲ್ಪ ದೂರದಲ್ಲಿ ಒಂದು ‘ಇರುವೆ’ ಎಂಟು ಕಾಲುಗಳನ್ನು ಹೊಂದಿತ್ತು. ಅದು ಇರುವೆಯನ್ನು ಅನುಕರಿಸುವ ಜೇಡ. ಮುಂದಿನ ಎರಡು ಕಾಲುಗಳನ್ನು ಎತ್ತಿ ಮೀಸೆಗಳಂತೆ ಆಡಿಸುತ್ತಿತ್ತು, ನಡುವಿನಲ್ಲಿ ಇರುವೆಗಿರುವಂತೆಯೇ ಸಣ್ಣ ಸೊಂಟವಿತ್ತು. ಕಚ್ಚುವ, ಹುಳಿ ಆಮ್ಲ ಚಿಮ್ಮುವ ಚಗಳಿಯನ್ನು ಅನೇಕ ಬೇಟೆಗಾರ ಜೀವಿಗಳು ದೂರವಿಡುತ್ತವೆ, ಹಾಗಾಗಿ ಅದರಂತೆ ಕಾಣುವ ಜೇಡಕ್ಕೂ ರಕ್ಷಣೆ ಸಿಗುತ್ತದೆ. ಈ ಜಾತಿಯ ಗಂಡಿನ ಮುಂದವಡೆ ಎಷ್ಟು ಉದ್ದವೆಂದರೆ, ಅದು ಇನ್ನೊಂದು ಇರುವೆಯನ್ನು ಹೊತ್ತೊಯ್ಯುತ್ತಿರುವ ಇರುವೆಯಂತೆ ತೋರುತ್ತದೆ.

ಇಲ್ಲಿಯೇ ನನ್ನ ಮುಖ್ಯ ಆಕ್ಷೇಪವನ್ನೂ ಹೇಳಬೇಕು. ‘ಕಪ್ಪೆಗೆ ಹಾರಬೇಕೆನಿಸಿತು, ಅದಕ್ಕೇ ಪೊರೆ ಬೆಳೆಸಿಕೊಂಡಿತು’, ‘ಜೇಡ ಇರುವೆಯ ವೇಷ ಕಲಿತಿತು’ ಎಂಬ ಬಗೆಯ ವಿವರಣೆಗಳು ಮಕ್ಕಳಿಗೆ ಸುಲಭವಾಗಿ ಅರ್ಥವಾಗಲಿ ಎಂದು ಹೇಳಿದವಾದರೂ ವಿಷಯವನ್ನೇ ತಲೆಕೆಳಗು ಮಾಡುತ್ತವೆ. ಹುಟ್ಟಿನಿಂದಲೇ ತುಸು ಅಗಲವಾದ ಪೊರೆ ಪಡೆದ ಕಪ್ಪೆಗಳು ಹೆಚ್ಚು ಉಳಿದು ಹೆಚ್ಚು ಮರಿ ಮಾಡಿದವು, ಅದೇ ಗುಣ ಮುಂದಿನ ಪೀಳಿಗೆಗಳಲ್ಲಿ ಹೆಚ್ಚುತ್ತಾ ಬಂದಿತು ಎಂದು ಹೇಳಲು ಒಂದೆರಡು ವಾಕ್ಯ ಹೆಚ್ಚು ಸಾಕು. ಇಷ್ಟು ಚೆನ್ನಾಗಿ ಪ್ರಶ್ನೆ ಕೇಳಬಲ್ಲವರು ಉತ್ತರದಲ್ಲಿಯೂ ಅಷ್ಟೇ ಎಚ್ಚರ ವಹಿಸಬೇಕು.

ಕತ್ತಲೆಕಾನಿನ ಭಾಗ ಅವಸರದಲ್ಲಿ ಮುಗಿದದ್ದು ಬೇಸರ ತಂದಿತು, ಏಕೆಂದರೆ ಈ ನಡಿಗೆಯ ಸತ್ವವೆಲ್ಲ ಅಲ್ಲಿತ್ತು. ಜಾಯಿಕಾಯಿಯ ಕುಟುಂಬದ ಮರಗಳು ಬೆಳೆಯುವ ಆ ಜೌಗಿನಲ್ಲಿ ಬೇರುಗಳು ಕೆಸರಿನಿಂದ ಮೇಲೆದ್ದು ಮಂಡಿಯಂತೆ ಬಾಗಿ ಮತ್ತೆ ಕೆಸರಿಗಿಳಿಯುತ್ತವೆ. ಗಾಳಿಯಿಲ್ಲದ ಮಣ್ಣಿನಲ್ಲಿ ಉಸಿರಾಟಕ್ಕೆ ಅದೇ ದಾರಿ. ಈ ಕಾನಿನ ಹಳ್ಳಗಳು ಸೇರುವ ಶರಾವತಿ ನದಿ ಹೊನ್ನಾವರದ ಅಳಿವೆ ಸೇರುವಲ್ಲಿ ಬೆಳೆಯುವ ಕಾಂಡ್ಲಾ ಮರಗಳು ಬೇರೆ ವಂಶದವು, ಅವೂ ಕೆಸರಿನಿಂದ ಬೇರನ್ನು ಮೇಲಕ್ಕೆ ತಂದಿವೆ. 2014ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ ಕುಂಬಾರ ಕಪ್ಪೆಯೂ ಈ ಕಾನಿನದೇ. ಹಳ್ಳದ ಮೇಲಿನ ಕಡ್ಡಿಗಳಿಗೆ ಅಂಟಿಸಿದ ಮೊಟ್ಟೆಗಳಿಗೆ ಗಂಡು ಕಪ್ಪೆ ಮುಂಗಾಲುಗಳಿಂದ ಕೆಸರು ತಂದು ಮೆತ್ತುತ್ತದೆ. ಮಾರ್ಗದರ್ಶಕರು ಇದನ್ನು ಹೇಳಿದರಾದರೂ ಅದು ರಾತ್ರಿಯ ಜೀವಿಯಾದ್ದರಿಂದ ಹಗಲಿನ ಭೇಟಿಯಲ್ಲಿ ಕಾಣಲಿಲ್ಲ. ರಾತ್ರಿ ಕಾಡಿಗೆ ಪ್ರವೇಶವಿಲ್ಲದಿರುವುದು ಸರಿಯಾದದ್ದೇ, ಆದರೆ ಬುಕಿಂಗ್ ಸಮಯದಲ್ಲಿಯೇ ಇದನ್ನು ತಿಳಿಸಬೇಕಿತ್ತು.

ಇನ್ನೊಂದು ದೋಷವನ್ನು ಅವರು ಕೂಡಲೇ ಸರಿಪಡಿಸಿಕೊಳ್ಳಬೇಕು. ಫೋಟೊಗಾಗಿ ಸಹಾಯಕರೊಬ್ಬರು ಕಪ್ಪೆಯನ್ನು ಕೈಯಲ್ಲಿ ಎತ್ತಿ ಬೇರೆ ಎಲೆಯ ಮೇಲಿಟ್ಟರು. ಕಪ್ಪೆಗಳು ಚರ್ಮದ ಮೂಲಕವೂ ಉಸಿರಾಡುತ್ತವೆ. ಉಂಬಳ (ರಕ್ತ ಹೀರುವ ಜಿಗಣೆ) ಹತ್ತದಿರಲೆಂದು ನಾವು ಹಚ್ಚಿಕೊಂಡ ಎಣ್ಣೆ, ಸುಣ್ಣ, ಹೊಗೆಸೊಪ್ಪು ಅವಕ್ಕೆ ತಾಗುವುದು ತಪ್ಪು. ಆಕ್ಷೇಪಿಸಿದಾಗ ಮನೆಯ ಯಜಮಾನರು ವಾದಿಸದೆ ಒಪ್ಪಿಕೊಂಡು ಆ ರಾತ್ರಿಯೇ ನಿಲ್ಲಿಸಿದ್ದರಿಂದ ಅವರ ಮೇಲೆ ಗೌರವ ಹೆಚ್ಚಿತು.

ಕಪ್ಪೆಗಳಿಗಾಗಿ ಹೋಗುವವರು ಜೂನ್ ಕೊನೆಯಿಂದ ಜುಲೈವರೆಗೆ ಹೋಗಬೇಕು. ಹಾರುವ ಓತಿಯೇ ಮುಖ್ಯವೆನ್ನುವವರಿಗೆ ಮಳೆ ಹಿಂದೆ ಸರಿದ ಬಿಸಿಲಿನ ದಿನಗಳು ಒಳ್ಳೆಯವು. ಗುಂಪು ದೊಡ್ಡದಾದರೆ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲವಾದ್ದರಿಂದ, ಎಷ್ಟು ಮಂದಿ ಬರುತ್ತಾರೆಂದು ಮೊದಲೇ ವಿಚಾರಿಸಿಕೊಂಡು ವಾರದ ನಡುವಿನ ದಿನವನ್ನು ಆರಿಸಿಕೊಳ್ಳುವುದು ಉತ್ತಮ.